ಹತ್ತು ವರ್ಷ ಯಾರೂ ಪಟ್ಟಿ ಸುತ್ತದ ತೋಳು: ಆರೋಗ್ಯ ಖಾತೆ ನಡೆಸುವವರಿಗೆ ಒಂದು ಬಹಿರಂಗ ಪತ್ರ

ಮಾನ್ಯರೇ,

ನೀವು ಯಾವ ದೇಶದವರೇ ಆಗಿರಿ, ಮಂತ್ರಿಯೋ ಕಾರ್ಯದರ್ಶಿಯೋ ಆಗಿರಿ, ಜನರ ಆರೋಗ್ಯದ ದುಡ್ಡು ಎಲ್ಲಿಗೆ ಹೋಗಬೇಕು ಅಂತ ತೀರ್ಮಾನಿಸುವವರು ನೀವಾಗಿದ್ದರೆ ಈ ಪತ್ರ ನಿಮಗೆ. ಸ್ವಲ್ಪ ಉದ್ದ ಇದೆ. ದಯವಿಟ್ಟು ಪೂರ್ತಿ ಓದಿ.

ನನ್ನ ಅಣ್ಣನಿಗೆ 49ನೇ ವಯಸ್ಸಿಗೆ ಹಾರ್ಟ್ ಅಟ್ಯಾಕ್ ಆಯಿತು. ಬೆಳಗಿನ ಜಾವ ಎದೆ ಹಿಡಿದುಕೊಂಡು ಮಂಚದ ಅಂಚಿನಲ್ಲಿ ಕೂತಿದ್ದ. ಆಸ್ಪತ್ರೆಗೆ ಸೇರಿಸಿದೆವು, ಸ್ಟೆಂಟ್ ಹಾಕಿದರು, ಬದುಕಿದ. ಅವನನ್ನು ಉಳಿಸಿದ ಡಾಕ್ಟರುಗಳ ಋಣ ನಾನು ಈ ಜನ್ಮದಲ್ಲಿ ತೀರಿಸಲಾರೆ. ಆದರೆ ಐಸಿಯುನಲ್ಲಿ ನಡೆದ ಒಂದು ಮಾತುಕತೆ ಇನ್ನೂ ಕಿವಿಯಲ್ಲೇ ಇದೆ.

"ಬಿಪಿ ಎಷ್ಟು ವರ್ಷದಿಂದ ಇದೆ?" ಅಂತ ಡಾಕ್ಟರು ಕೇಳಿದರು.

"ನನಗೆ ಬಿಪಿ ಇಲ್ಲ ಸಾರ್" ಅಂದ ಅಣ್ಣ.

ಅವರು ಒಮ್ಮೆ ಮಾನಿಟರ್ ನೋಡಿದರು. "ಕೊನೆಗೆ ಯಾವಾಗ ನೋಡಿಸಿದ್ರಿ?"

ಅವನಿಗೆ ನೆನಪಿರಲಿಲ್ಲ. ನನಗೂ ಇರಲಿಲ್ಲ.

ಅಣ್ಣ ಡಾಕ್ಟರ ಹತ್ತಿರ ಹೋಗದೇ ಇದ್ದವನೇನಲ್ಲ. ಹಿಂದಿನ ಹತ್ತು ವರ್ಷದಲ್ಲಿ ಜ್ವರಕ್ಕೆ ಹೋಗಿದ್ದ, ಬೆನ್ನು ನೋವಿಗೆ ಹೋಗಿದ್ದ, ಕಾಲು ಉಳುಕಿದಾಗ ಹೋಗಿದ್ದ. ಪ್ರತಿ ಸಲವೂ ಬಿಪಿ ಮಷಿನ್ ಎದುರಿನ ಮೇಜಿನ ಮೇಲೇ ಇತ್ತು. ತೋಳಿಗೆ ಆ ಪಟ್ಟಿ ಸುತ್ತಿ ನೋಡಲು ಎರಡು ನಿಮಿಷ ಸಾಕಿತ್ತು. ಯಾರೂ ಸುತ್ತಲಿಲ್ಲ. ಬಂದವರೆಲ್ಲರಿಗೂ ಸುತ್ತಲೇಬೇಕು ಅಂತ ಯಾರೂ ಅವರಿಗೆ ಹೇಳಿರಲಿಲ್ಲ.

ಅವನೊಬ್ಬನ ಕಥೆಯಾಗಿದ್ದರೆ ನಾನು ಈ ಪತ್ರ ಬರೆಯುತ್ತಿರಲಿಲ್ಲ. ಜಗತ್ತಿನಲ್ಲಿ 30ರಿಂದ 79 ವಯಸ್ಸಿನ ಸುಮಾರು 128 ಕೋಟಿ ಜನರಿಗೆ ಬಿಪಿ ಇದೆ, ಅವರಲ್ಲಿ ಹೆಚ್ಚುಕಮ್ಮಿ ಅರ್ಧ ಜನರಿಗೆ ಅದು ಇರುವುದೇ ಗೊತ್ತಿಲ್ಲ ಅಂತ ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ಹೇಳಿತು. ಹೃದಯ ಮತ್ತು ರಕ್ತನಾಳದ ಕಾಯಿಲೆಗಳಿಂದ 2019ರಲ್ಲಿ ಸತ್ತವರು ಸುಮಾರು 1.79 ಕೋಟಿ. ಆ ವರ್ಷ ಸತ್ತ ಮೂವರಲ್ಲಿ ಒಬ್ಬರು ಅಂತಲೇ ಲೆಕ್ಕ.

ಡಿಸ್ಚಾರ್ಜ್ ದಿನ ಅಣ್ಣನಿಗೆ ಒಂದು ಹಾಳೆ ಕೊಟ್ಟರು. ಉಪ್ಪು ಕಮ್ಮಿ ಮಾಡಿ, ಸಿಗರೇಟ್ ಬಿಡಿ, ದಿನಾ ವಾಕ್ ಮಾಡಿ, ಟೆನ್ಷನ್ ಮಾಡ್ಕೋಬೇಡಿ. ಎಲ್ಲವೂ ನಿಜ. ಆದರೆ ಅದನ್ನು ಓದುತ್ತಾ ನನಗೆ ಒಂದು ಪ್ರಶ್ನೆ ಹುಟ್ಟಿತು. ಹೃದಯ ಕಾಪಾಡುವುದು ಅಂದರೆ ಜನರಿಗೆ ಬುದ್ಧಿ ಹೇಳುವುದಷ್ಟೇನಾ? ಬೇರೆ ಬೇರೆ ದೇಶಗಳು ಏನು ಮಾಡಿದವು ಅಂತ ಅವತ್ತಿನಿಂದ ಹುಡುಕಿ ಓದುತ್ತಿದ್ದೇನೆ. ಓದಿದ್ದರಲ್ಲಿ ನಿಮಗೆ ಹೇಳಲೇಬೇಕಾದದ್ದು ಬಹಳ ಇದೆ.

ಮೊದಲು ಫಿನ್‌ಲ್ಯಾಂಡ್. 1960ರ ದಶಕದ ಕೊನೆಗೆ ಹೃದಯದ ಕಾಯಿಲೆಯಿಂದ ಗಂಡಸರು ಸಾಯುವುದರಲ್ಲಿ ಆ ದೇಶ ಜಗತ್ತಿಗೇ ಮುಂದಿತ್ತು. ಅದರೊಳಗೂ ಪೂರ್ವದ ಗಡಿಯಲ್ಲಿದ್ದ ಉತ್ತರ ಕರೇಲಿಯಾ ಪ್ರಾಂತ್ಯದ್ದು ತೀರಾ ಕೆಟ್ಟ ಪರಿಸ್ಥಿತಿ. ಕಾಡಿನಲ್ಲಿ ಮರ ಕಡಿಯುವವರು, ಹಸು ಸಾಕುವವರು, ನೋಡಲು ಗಟ್ಟಿಮುಟ್ಟಾದ ಜನ. ನಲವತ್ತು ಐವತ್ತಕ್ಕೆಲ್ಲ ಎದೆ ಹಿಡಿದುಕೊಂಡು ಬೀಳುತ್ತಿದ್ದರು. 1971ರ ಜನವರಿಯಲ್ಲಿ ಅಲ್ಲಿನ ಪ್ರತಿನಿಧಿಗಳೇ ಸೇರಿ ಸರ್ಕಾರಕ್ಕೆ ಮನವಿ ಕೊಟ್ಟರು: ನಮ್ಮವರು ಸಾಯುತ್ತಿದ್ದಾರೆ, ಏನಾದರೂ ಮಾಡಿ. ಮರುವರ್ಷವೇ ಕೆಲಸ ಶುರುವಾಯಿತು. ಅದರ ಹೊಣೆ ಹೊತ್ತವರು ಪೆಕ್ಕಾ ಪುಸ್ಕಾ ಎಂಬ ಯುವ ಡಾಕ್ಟರು. ಆಗ ಅವರಿಗೆ ಇನ್ನೂ ಮೂವತ್ತು ಆಗಿರಲಿಲ್ಲ.

ಅವರು ಮಾಡಿದ ಕೆಲಸದ ಬಗೆ ನನಗೆ ಬಹಳ ಹಿಡಿಸಿತು. ಆಗ ಅಲ್ಲಿ ಹತ್ತರಲ್ಲಿ ಒಂಬತ್ತು ಜನ ಬ್ರೆಡ್ಡಿಗೆ ಬೆಣ್ಣೆ ಬಳಿದುಕೊಂಡು ತಿನ್ನುತ್ತಿದ್ದರು. ಹಾಲೂ ಕೆನೆಭರಿತ. ಬೆಣ್ಣೆ ಬಿಡಿ ಅಂತ ಪೋಸ್ಟರ್ ಅಂಟಿಸಿ ಸುಮ್ಮನಾಗಬಹುದಿತ್ತು. ಪುಸ್ಕಾ ಮತ್ತು ಜೊತೆಗಾರರು ಹಳ್ಳಿಯ ಹೆಂಗಸರ ಸಂಘವನ್ನು ಹುಡುಕಿಕೊಂಡು ಹೋದರು. ಮಾರ್ತಾ ಅನ್ನುವ ಆ ಸಂಘದವರು ಸಂಜೆ ಹೊತ್ತು ಊರವರನ್ನು ಸೇರಿಸಿ ಅಡುಗೆ ಮಾಡಿ ಬಡಿಸಿದರು. ಹೊಸ ಅಡುಗೆ ಏನಲ್ಲ, ಅಜ್ಜಿ ಮಾಡುತ್ತಿದ್ದದ್ದೇ. ಕೊಬ್ಬು ಕಮ್ಮಿ, ತರಕಾರಿ ಜಾಸ್ತಿ, ಅಷ್ಟೇ. ಸಾಸೇಜ್ ತಯಾರಿಸುವವರ ಹತ್ತಿರ ಹೋಗಿ ಕೊಬ್ಬಿನ ಒಂದು ಭಾಗದ ಬದಲು ಅಣಬೆ ಹಾಕಿ ನೋಡಿ ಅಂತ ಒಪ್ಪಿಸಿದರು. ಹಳ್ಳಿ ಹಳ್ಳಿಗಳ ನಡುವೆ ಕೊಲೆಸ್ಟ್ರಾಲ್ ಇಳಿಸುವ ಪಂದ್ಯ ಇಟ್ಟರು. ಸಿಗರೇಟ್ ಬಿಡಲು ಒದ್ದಾಡುವ ಜನರನ್ನು ಟಿವಿಯಲ್ಲಿ ತೋರಿಸಿದರು, ಮನೆಯಲ್ಲಿ ನೋಡುತ್ತಾ ಕೂತವರು ಅವರ ಜೊತೆಗೇ ಬಿಡಲು ನೋಡಿದರು.

ಹಾಲು ಮಾರಿ ಬದುಕುವವರ ಗತಿ ಏನು? ಅವರು ಇದಕ್ಕೆ ಅಡ್ಡ ನಿಂತದ್ದು ಸಹಜವೇ. ನನ್ನ ಹಸುವಿನ ಬೆಣ್ಣೆಯೇ ವಿಷ ಅಂದರೆ ಯಾರು ತಾನೇ ಒಪ್ಪುತ್ತಾರೆ? ಸರ್ಕಾರ ಅವರಿಗೆ ಬೇರೆ ದಾರಿ ಹುಡುಕಿಕೊಟ್ಟಿತು. ಆ ಚಳಿಯ ನೆಲದಲ್ಲಿ ಬೆರಿ ಹಣ್ಣು ಚೆನ್ನಾಗಿ ಬರುತ್ತದೆ. ಅದನ್ನು ಬೆಳೆಯಲು, ಮಾರಲು ನೆರವು ಕೊಟ್ಟಿತು. ಅಲ್ಲಿನ ಹವೆಗೆ ಒಗ್ಗುವ ರೇಪ್‌ಸೀಡ್ ಅನ್ನುವ ಎಣ್ಣೆಕಾಳಿನ ತಳಿ ಬಂದ ಮೇಲೆ ಅಡುಗೆಗೆ ದೇಶದಲ್ಲೇ ಬೆಳೆದ ಎಣ್ಣೆಯೂ ಸಿಕ್ಕಿತು. ತಿನ್ನುವವರ ಹೃದಯವನ್ನೂ ಬೆಳೆಯುವವರ ಹೊಟ್ಟೆಯನ್ನೂ ಒಟ್ಟಿಗೇ ನೋಡಿದ ಯೋಜನೆ ಅದು. ನಿಮ್ಮಲ್ಲಿ ಎಷ್ಟು ಜನ ಕೃಷಿ ಖಾತೆಯವರ ಜೊತೆ ಕೂತು ಹೃದಯದ ಬಗ್ಗೆ ಮಾತಾಡಿದ್ದೀರಿ?

1976ರಲ್ಲಿ ತಂಬಾಕು ಕಾಯ್ದೆ ಬಂತು. 1977ರಿಂದ ಈ ಕೆಲಸ ಇಡೀ ದೇಶಕ್ಕೆ ಹರಡಿತು. 1993ರಿಂದ ಉಪ್ಪು ಜಾಸ್ತಿ ಇರುವ ಪೊಟ್ಟಣದ ಮೇಲೆ ಹಾಗಂತ ಬರೆಯಲೇಬೇಕಾಯಿತು. 2000ದ ದಶಕದ ಮಧ್ಯದ ಹೊತ್ತಿಗೆ ಉತ್ತರ ಕರೇಲಿಯಾದಲ್ಲಿ 35ರಿಂದ 64 ವಯಸ್ಸಿನ ಗಂಡಸರು ಹೃದಯದ ರಕ್ತನಾಳದ ಕಾಯಿಲೆಯಿಂದ ಸಾಯುವ ಪ್ರಮಾಣ ಸುಮಾರು ಶೇ 85ರಷ್ಟು ಇಳಿದಿತ್ತು. ದೇಶದ ಉಳಿದ ಕಡೆಗಳಲ್ಲೂ ಹೆಚ್ಚುಕಮ್ಮಿ ಅಷ್ಟೇ ಇಳಿಯಿತು. ಇದನ್ನೇ ಹಿಡಿದು, ಯೋಜನೆ ಇಲ್ಲದ ಕಡೆಯೂ ಇಳಿದಿದೆಯಲ್ಲ, ಇದರಲ್ಲಿ ಯೋಜನೆಯ ಪಾಲೆಷ್ಟು ಅಂತ ಕೇಳಿದವರಿದ್ದಾರೆ. ಕೇಳಬೇಕಾದ ಪ್ರಶ್ನೆಯೇ. ಆದರೆ ಐದೇ ವರ್ಷಕ್ಕೆ ದೇಶವೇ ಆ ದಾರಿ ಹಿಡಿದ ಮೇಲೆ ಒಂದು ಪ್ರಾಂತ್ಯಕ್ಕೂ ಇನ್ನೊಂದಕ್ಕೂ ದೊಡ್ಡ ವ್ಯತ್ಯಾಸ ಉಳಿಯುವುದಾದರೂ ಹೇಗೆ?

ಈಗ ಡೆನ್ಮಾರ್ಕ್. ನಿಮಗೆ ಒಂದೇ ಒಂದು ದೇಶದ ಬಗ್ಗೆ ಓದಲು ಪುರುಸೊತ್ತಿದ್ದರೆ ಇದನ್ನೇ ಓದಿ. ಯಾಕೆಂದರೆ ಅದೊಂದೇ ದೇಶ ಮೂರು ದಾರಿ ಹಿಡಿದು ನೋಡಿದೆ, ಮೂರರ ಫಲವೂ ಬೇರೆ ಬೇರೆ.

2003ರಲ್ಲಿ ಅಲ್ಲಿ ಒಂದು ಚಿಕ್ಕ ನಿಯಮ ಬಂತು. ಆಹಾರದಲ್ಲಿರುವ 100 ಗ್ರಾಂ ಕೊಬ್ಬಿನಲ್ಲಿ ಕಾರ್ಖಾನೆಯಲ್ಲಿ ತಯಾರಾದ ಟ್ರಾನ್ಸ್ ಫ್ಯಾಟ್ 2 ಗ್ರಾಂ ಮೀರಬಾರದು. ಜಗತ್ತಿನಲ್ಲೇ ಇಂಥ ಮೊದಲ ಕಾನೂನು ಅದು. ದ್ರವವಾಗಿರುವ ಎಣ್ಣೆಯನ್ನು ಗಟ್ಟಿ ಮಾಡುವಾಗ ಹುಟ್ಟುವ ಈ ಕೊಬ್ಬು ಕೆಟ್ಟ ಕೊಲೆಸ್ಟ್ರಾಲನ್ನು ಏರಿಸುತ್ತದೆ, ಒಳ್ಳೆಯದನ್ನು ಇಳಿಸುತ್ತದೆ. ಇದರಿಂದ ದೇಹಕ್ಕೆ ಯಾವ ಉಪಯೋಗವೂ ಇಲ್ಲ. ತಿನ್ನುವವರಿಗೆ ಇದು ಕಣ್ಣಿಗೆ ಕಾಣುವುದೂ ಇಲ್ಲ, ನಾಲಿಗೆಗೆ ತಿಳಿಯುವುದೂ ಇಲ್ಲ. ನಿಯಮ ಬಂದ ಮೇಲೆ ಏನಾಯಿತು ಗೊತ್ತಾ? ದೊಡ್ಡ ಹೋಟೆಲ್ ಕಂಪನಿಯೊಂದರ ಕರಿದ ಆಲೂಗಡ್ಡೆ ಮತ್ತು ಕೋಳಿ ತುಂಡುಗಳನ್ನು ಸಂಶೋಧಕರು ಬೇರೆ ಬೇರೆ ದೇಶಗಳಲ್ಲಿ ಕೊಂಡು ಪರೀಕ್ಷೆ ಮಾಡಿದರು. 2006ರಲ್ಲಿ ಅವರು ಪ್ರಕಟಿಸಿದ ಅಂಕಿ ಇದು: ಅದೇ ಕಂಪನಿಯ ಅದೇ ಊಟದಲ್ಲಿ ನ್ಯೂಯಾರ್ಕಿನಲ್ಲಿ ಸುಮಾರು 10 ಗ್ರಾಂ ಟ್ರಾನ್ಸ್ ಫ್ಯಾಟ್, ಡೆನ್ಮಾರ್ಕಿನಲ್ಲಿ 1 ಗ್ರಾಂಗಿಂತ ಕಡಿಮೆ. ಕಾನೂನು ಇದ್ದ ಕಡೆ ಕಂಪನಿ ಎಣ್ಣೆ ಬದಲಿಸಿತು. ತಿಂದವರಿಗೆ ಬದಲಾದದ್ದೇ ಗೊತ್ತಾಗಲಿಲ್ಲ. ಯಾರೂ ಯಾರಿಗೂ ಬುದ್ಧಿ ಹೇಳಬೇಕಾಗಲಿಲ್ಲ.

ಎರಡನೆಯದು, ಕೋಪನ್‌ಹೇಗನ್ ಸುತ್ತಮುತ್ತ 1999ರಲ್ಲಿ ಶುರುವಾದ ಒಂದು ದೊಡ್ಡ ಪ್ರಯೋಗ. ಒಟ್ಟು 59,616 ಜನ. ಅವರಲ್ಲಿ ಸುಮಾರು 11,600 ಜನರನ್ನು ಪರೀಕ್ಷೆಗೆ ಕರೆದರು, ಬಂದವರನ್ನು ಪರೀಕ್ಷೆ ಮಾಡಿ ಅಪಾಯ ಇದ್ದವರಿಗೆ ಐದು ವರ್ಷ ಮತ್ತೆ ಮತ್ತೆ ಕೂರಿಸಿ ಸಲಹೆ ಕೊಟ್ಟರು. ಊಟ, ವ್ಯಾಯಾಮ, ಸಿಗರೇಟ್, ಎಲ್ಲದರ ಬಗ್ಗೆಯೂ. ಒಳ್ಳೆಯ ಮನಸ್ಸಿನಿಂದ, ಕಷ್ಟಪಟ್ಟು ಮಾಡಿದ ಕೆಲಸ. ಹತ್ತು ವರ್ಷದ ನಂತರ ಲೆಕ್ಕ ಹಾಕಿದಾಗ, ಕರೆಸಿಕೊಂಡವರ ಗುಂಪಿಗೂ ಉಳಿದವರಿಗೂ ಹೃದಯದ ಕಾಯಿಲೆಯಲ್ಲಾಗಲಿ ಸಾವಿನಲ್ಲಾಗಲಿ ವ್ಯತ್ಯಾಸ ಕಾಣಲಿಲ್ಲ. ಇದನ್ನು ಓದಿದ ದಿನ ಅಣ್ಣನ ಡಿಸ್ಚಾರ್ಜ್ ಹಾಳೆಯನ್ನು ಕಪಾಟಿನಿಂದ ತೆಗೆದು ಇನ್ನೊಮ್ಮೆ ನೋಡಿದೆ. ಅವನು ಮನಸ್ಸು ಗಟ್ಟಿ ಮಾಡಿ ಸಿಗರೇಟ್ ಬಿಟ್ಟಿದ್ದಾನೆ, ಅದು ಅವನ ದೊಡ್ಡತನ. ಆದರೆ ಸಾವು ಹತ್ತಿರದಿಂದ ನೋಡಿಹೋದ ಮೇಲಷ್ಟೇ ಬರುವ ಗಟ್ಟಿ ಮನಸ್ಸನ್ನು ನಂಬಿಕೊಂಡು ದೇಶದ ಆರೋಗ್ಯ ನಡೆಸಲು ಆಗುತ್ತದಾ?

ಮೂರನೆಯದು ತೆರಿಗೆ. 2011ರ ಅಕ್ಟೋಬರಿನಲ್ಲಿ ಬೆಣ್ಣೆ, ಚೀಸ್, ಮಾಂಸದಂಥ ಪದಾರ್ಥಗಳಲ್ಲಿರುವ ಕೊಬ್ಬಿನ ಮೇಲೆ ಡೆನ್ಮಾರ್ಕ್ ತೆರಿಗೆ ಹಾಕಿತು. ಜನ ಗಡಿ ದಾಟಿ ಜರ್ಮನಿಗೆ, ಸ್ವೀಡನ್ನಿಗೆ ಹೋಗಿ ಸಾಮಾನು ತರುತ್ತಾರೆ ಅನ್ನುವ ಗಲಾಟೆ ಎದ್ದಿತು, ವ್ಯಾಪಾರಿಗಳು ತಿರುಗಿಬಿದ್ದರು. 2013ರ ಜನವರಿಯಿಂದ ತೆರಿಗೆ ರದ್ದಾಯಿತು. ತೆರಿಗೆಯೇ ತಪ್ಪು ಅಂತ ನಾನು ಹೇಳುವುದಿಲ್ಲ, ತಂಬಾಕಿನ ವಿಷಯದಲ್ಲಿ ಅದು ಕೆಲಸ ಮಾಡಿದೆ. ಆದರೆ ಜನರನ್ನು ಜೊತೆಗೆ ಕರೆದುಕೊಳ್ಳದೆ ಮೇಲಿನಿಂದ ಹೊರಿಸಿದ್ದು ಹೆಚ್ಚು ದಿನ ಉಳಿಯಲಿಲ್ಲ. ಕರೇಲಿಯಾದ ಹಾಲಿನವರಿಗೆ ಸಿಕ್ಕ ಬೆರಿ ಹಣ್ಣಿನಂಥದ್ದು ಇಲ್ಲಿ ಯಾರಿಗೂ ಸಿಕ್ಕಿರಲಿಲ್ಲ.

ಅಡುಗೆ ಎಣ್ಣೆ ಬದಲಾದರೆ ಎಷ್ಟು ಬೇಗ ಫಲ ಕಾಣುತ್ತದೆ ಅನ್ನುವುದಕ್ಕೆ ಇನ್ನೆರಡು ದೇಶಗಳ ಮಾತು. ಮಾರಿಷಸ್‌ನಲ್ಲಿ ಸರ್ಕಾರ 1987ರಲ್ಲಿ ರೇಷನ್ ಎಣ್ಣೆಯನ್ನು ಬಹುಪಾಲು ತಾಳೆ ಎಣ್ಣೆಯಿಂದ ಸೋಯಾ ಎಣ್ಣೆಗೆ ಬದಲಿಸಿತು. ಐದೇ ವರ್ಷದಲ್ಲಿ ಗಂಡಸರ ಸರಾಸರಿ ಕೊಲೆಸ್ಟ್ರಾಲ್ ಸುಮಾರು ಶೇ 15 ಇಳಿಯಿತು. ಆದರೆ ಅದೇ ಹೊತ್ತಿನಲ್ಲಿ ಜನರ ತೂಕ ಏರಿತು, ಅದನ್ನೂ ಹೇಳಬೇಕು. ಒಂದು ನಿಯಮ ಎಲ್ಲವನ್ನೂ ಸರಿ ಮಾಡುವುದಿಲ್ಲ. ಪೋಲೆಂಡಿನಲ್ಲಂತೂ ಯಾರೂ ಯೋಜನೆಯನ್ನೇ ಹಾಕಿರಲಿಲ್ಲ. ಕಮ್ಯುನಿಸ್ಟ್ ಆಡಳಿತ ಹೋದ ಮೇಲೆ ಬೆಣ್ಣೆ ಮತ್ತು ಪ್ರಾಣಿಗಳ ಕೊಬ್ಬಿಗೆ ಸಿಗುತ್ತಿದ್ದ ಸಬ್ಸಿಡಿ ನಿಂತಿತು. ಜನ ಸಸ್ಯದ ಎಣ್ಣೆ ಕಡೆ ತಿರುಗಿದರು. ವರ್ಷಗಟ್ಟಲೆ ಏರುತ್ತಲೇ ಇದ್ದ ಹೃದಯದ ಸಾವು 1991ರಿಂದ ಇಳಿಯತೊಡಗಿತು. ಅಂದರೆ ಅಲ್ಲಿಯವರೆಗೆ ಸರ್ಕಾರ ತನ್ನದೇ ದುಡ್ಡಿನಲ್ಲಿ ಜನರಿಗೆ ಕಾಯಿಲೆ ಅಗ್ಗ ಮಾಡಿಕೊಡುತ್ತಿತ್ತು ಅಂತ ಆಗಲಿಲ್ಲವಾ?

ಬ್ರಿಟನ್ ಉಪ್ಪಿನ ಹಿಂದೆ ಬಿತ್ತು. ಅಲ್ಲಿನವರು ತಿನ್ನುವ ಉಪ್ಪಿನ ಬಹುಪಾಲು ಮನೆಯ ಡಬ್ಬಿಯಿಂದ ಬರುತ್ತಿರಲಿಲ್ಲ, ಅಂಗಡಿಯಲ್ಲಿ ಕೊಂಡ ಬ್ರೆಡ್ಡು ಮತ್ತು ಪೊಟ್ಟಣದ ಆಹಾರದಿಂದ ಬರುತ್ತಿತ್ತು. ಹಾಗಿದ್ದ ಮೇಲೆ ಉಪ್ಪು ಕಮ್ಮಿ ಮಾಡಿ ಅಂತ ಮನೆಯವರಿಗೆ ಹೇಳಿ ಏನು ಪ್ರಯೋಜನ? 2006ರಲ್ಲಿ ಆಹಾರ ಗುಣಮಟ್ಟ ಸಂಸ್ಥೆಯವರು ಸುಮಾರು 80 ಬಗೆಯ ಪದಾರ್ಥಗಳಿಗೆ ಇಷ್ಟೇ ಉಪ್ಪು ಇರಲಿ ಅಂತ ಗುರಿ ಹಾಕಿದರು. ಕಡ್ಡಾಯವೇನೂ ಇರಲಿಲ್ಲ. ಆದರೆ ಯಾರು ಪಾಲಿಸಿದರು, ಯಾರು ಬಿಟ್ಟರು ಅಂತ ಬೆನ್ನು ಬಿಡದೆ ನೋಡಿದರು. ಹತ್ತು ವರ್ಷದಲ್ಲಿ ಬ್ರೆಡ್ಡಿನ ಉಪ್ಪು ಸುಮಾರು ಐದರಲ್ಲಿ ಒಂದು ಪಾಲು ಕಮ್ಮಿಯಾಯಿತು. ಅದೂ ಚೂರು ಚೂರಾಗಿ. ನಾಲಿಗೆ ಹೊಂದಿಕೊಳ್ಳುತ್ತಾ ಹೋಯಿತು. ಜನ ದಿನಕ್ಕೆ ತಿನ್ನುವ ಉಪ್ಪು 2001ರ ಹೊತ್ತಿಗೆ 9.5 ಗ್ರಾಂ ಇದ್ದದ್ದು 2011ಕ್ಕೆ 8.1 ಗ್ರಾಂಗೆ ಬಂತು. ಇನ್ನೂ ಜಾಸ್ತಿಯೇ, ವಿಶ್ವ ಆರೋಗ್ಯ ಸಂಸ್ಥೆ ಹೇಳುವುದು 5 ಗ್ರಾಂಗಿಂತ ಕಡಿಮೆ. ಆದರೂ ಇಡೀ ದೇಶದ ನಾಲಿಗೆಯಿಂದ 1.4 ಗ್ರಾಂ ಇಳಿಸುವುದು ಸಣ್ಣ ಮಾತಲ್ಲ. 2011ರಲ್ಲಿ ಹೊಸ ಸರ್ಕಾರ ಈ ಕೆಲಸವನ್ನು ಕಂಪನಿಗಳ ಒಳ್ಳೆಯತನಕ್ಕೆ ಬಿಟ್ಟಿತು. ಅಲ್ಲಿಂದ ವೇಗ ಕುಗ್ಗಿತು. ನೋಡುವ ಕಣ್ಣು ಮುಚ್ಚಿದರೆ ಹೀಗೇ ಆಗುತ್ತದೆ.

ತಂಬಾಕಿನ ಬಗ್ಗೆ ನಿಮಗೆ ಗೊತ್ತಿಲ್ಲದ್ದೇನೂ ಇಲ್ಲ, ಅದಕ್ಕೆ ಒಂದೇ ಉದಾಹರಣೆ ಸಾಕು. ಸ್ಕಾಟ್‌ಲ್ಯಾಂಡ್ 2006ರ ಮಾರ್ಚಿನಲ್ಲಿ ಸಾರ್ವಜನಿಕ ಕಟ್ಟಡಗಳೊಳಗೆ ಸಿಗರೇಟ್ ನಿಷೇಧಿಸಿತು. ನಿಷೇಧದ ನಂತರ ಒಂಬತ್ತು ಆಸ್ಪತ್ರೆಗಳಲ್ಲಿ ಎಣಿಸಿ ನೋಡಿದಾಗ ಹಾರ್ಟ್ ಅಟ್ಯಾಕ್‌ನಂಥ ತೊಂದರೆಗೆ ದಾಖಲಾದವರು ಹಿಂದಿನ ವರ್ಷಕ್ಕಿಂತ ಶೇ 17 ಕಮ್ಮಿ ಇದ್ದರು. ನಿಷೇಧ ಇನ್ನೂ ಬಂದಿರದ ಇಂಗ್ಲೆಂಡಿನಲ್ಲಿ ಆಗ ಇಳಿದದ್ದು ಶೇ 4.

ಇನ್ನು ಬಿಪಿ. ಇಲ್ಲಿ ಮಾತ್ರ ಕಾನೂನೊಂದೇ ಸಾಲದು. ಒಬ್ಬೊಬ್ಬರ ತೋಳಿಗೂ ಪಟ್ಟಿ ಸುತ್ತಲೇಬೇಕು.

ಜಪಾನಿನಲ್ಲಿ ಹಾರ್ಟ್ ಅಟ್ಯಾಕ್ ಯಾವತ್ತೂ ಕಮ್ಮಿ. ಅಲ್ಲಿನವರನ್ನು ಕೊಲ್ಲುತ್ತಿದ್ದದ್ದು ಸ್ಟ್ರೋಕ್. 1951ರಿಂದ 1980ರವರೆಗೂ ಸಾವಿನ ಕಾರಣಗಳಲ್ಲಿ ಅದಕ್ಕೇ ಮೊದಲ ಜಾಗ. ಹೃದಯಕ್ಕೂ ಮೆದುಳಿಗೂ ಶತ್ರು ಒಂದೇ ಬಿಪಿ ಆದ್ದರಿಂದ ಈ ಕಥೆ ಇಲ್ಲಿಗೂ ಸಲ್ಲುತ್ತದೆ. ಉತ್ತರದ ಅಕಿತಾ ಪ್ರಾಂತ್ಯದಲ್ಲಿ ಜನ ದಿನಕ್ಕೆ 20 ಗ್ರಾಂ ಮೀರಿ ಉಪ್ಪು ತಿನ್ನುತ್ತಿದ್ದರು. ಅಲ್ಲಿನ ಇಕಾವಾ ಅನ್ನುವ ಊರಿನಲ್ಲಿ 1963ರಲ್ಲಿ ಒಂದು ಕೆಲಸ ಶುರುವಾಯಿತು. ಊರವರ ಬಿಪಿ ನೋಡುವುದು, ಜಾಸ್ತಿ ಇದ್ದವರನ್ನು ಡಾಕ್ಟರ ಹತ್ತಿರ ಕಳಿಸುವುದು, ಮಾತ್ರೆ ತಗೊಳ್ತಾ ಇದ್ದಾರಾ ಅಂತ ಬೆನ್ನು ಹತ್ತಿ ಕೇಳುವುದು, ಉಪ್ಪು ಇಳಿಸಲು ಕಲಿಸುವುದು. ಕಲಿಸಿದವರು ಆ ಊರಲ್ಲೇ ಓಡಾಡುವ ಆರೋಗ್ಯ ನರ್ಸುಗಳು. ಇಂಥ ಕೆಲಸವನ್ನು ಅಷ್ಟಾಗಿ ಮಾಡದ ಅಕ್ಕಪಕ್ಕದ ಊರಿನ ಗಂಡಸರಿಗೆ ಹೋಲಿಸಿದರೆ ಇಲ್ಲಿನವರಲ್ಲಿ ಸ್ಟ್ರೋಕ್ ಹೆಚ್ಚು ಇಳಿಯಿತು. ಅಷ್ಟು ಹೊತ್ತಿಗೆ, 1961ರಲ್ಲೇ, ದೇಶದ ಎಲ್ಲರಿಗೂ ಆರೋಗ್ಯ ವಿಮೆ ಬಂದಿತ್ತು. ಬಿಪಿ ಇದೆ ಅಂತ ಹೇಳಿ, ಮಾತ್ರೆಗೆ ದುಡ್ಡಿಲ್ಲದವರನ್ನು ಹಾಗೇ ಮನೆಗೆ ಕಳಿಸಿದರೆ ನೋಡಿಯೂ ನೋಡದ ಹಾಗೆ, ಅಲ್ವಾ?

ಎಲ್ಲರಿಗೂ ವಿಮೆ ಇಲ್ಲದ ಅಮೆರಿಕದಲ್ಲೂ ಒಂದು ಮೂಲೆಯಲ್ಲಿ ಇದು ಆಗಿದೆ. ಉತ್ತರ ಕ್ಯಾಲಿಫೋರ್ನಿಯಾದ ಕೈಸರ್ ಪರ್ಮನೆಂಟೆ ಅನ್ನುವ ಆರೋಗ್ಯ ಸೇವೆಯ ಸಂಸ್ಥೆ ತನ್ನ ಬಿಪಿ ರೋಗಿಗಳನ್ನೆಲ್ಲ ಒಂದು ಪಟ್ಟಿಗೆ ಸೇರಿಸಿತು. ಯಾವ ಮಾತ್ರೆ ಮೊದಲು, ಆಮೇಲೆ ಯಾವುದು ಅಂತ ಸರಳ ಕ್ರಮ ಮಾಡಿತು. ಎರಡು ಔಷಧಿ ಸೇರಿದ ಒಂದೇ ಮಾತ್ರೆ ಕೊಟ್ಟಿತು. ಡಾಕ್ಟರಿಗೆ ಕಾಯಬೇಕಿಲ್ಲ, ಸಹಾಯಕರ ಹತ್ತಿರ ಬಿಟ್ಟಿಯಾಗಿ ನೋಡಿಸಿಕೊಂಡು ಹೋಗಬಹುದು. ಯಾವ ಕೇಂದ್ರದಲ್ಲಿ ಎಷ್ಟು ಜನರ ಬಿಪಿ ಹತೋಟಿಯಲ್ಲಿದೆ ಅನ್ನುವ ಅಂಕಿಯನ್ನು ಕೇಂದ್ರಗಳಿಗೆಲ್ಲ ಹಂಚಿತು. 2001ರಲ್ಲಿ ಹತೋಟಿಯಲ್ಲಿದ್ದವರು ಶೇ 43.6. 2009ಕ್ಕೆ ಶೇ 80.4. ಹೊಸ ಔಷಧಿ ಕಂಡುಹಿಡಿಯಲಿಲ್ಲ, ದೊಡ್ಡ ಯಂತ್ರ ತರಿಸಲಿಲ್ಲ. ಹಳೆಯ ಮಾತ್ರೆಗಳನ್ನೇ ತಪ್ಪದೆ ಕೊಟ್ಟರು.

ನಾನು ಆಸ್ಪತ್ರೆಗಳಿಗೆ ವಿರೋಧಿ ಅಂತ ದಯವಿಟ್ಟು ತಿಳಿಯಬೇಡಿ. ಅಮೆರಿಕದಲ್ಲಿ 1980ರಿಂದ 2000ದ ನಡುವೆ ಇಳಿದ ಹೃದಯದ ಸಾವಿನಲ್ಲಿ ಸುಮಾರು ಅರ್ಧ ಚಿಕಿತ್ಸೆಯಿಂದ, ಹತ್ತಿರ ಹತ್ತಿರ ಅಷ್ಟೇ ಭಾಗ ಸಿಗರೇಟ್, ಕೊಲೆಸ್ಟ್ರಾಲ್, ಬಿಪಿ ಇಳಿದದ್ದರಿಂದ ಅಂತ ಲೆಕ್ಕ ಹಾಕಿದ್ದಾರೆ. ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ ಚಿಕಿತ್ಸೆಯ ಪಾಲು ಶೇ 42, ಉಳಿದ ಶೇ 58 ಇಂಥ ಅಪಾಯಗಳು ಇಳಿದದ್ದರಿಂದ. ಅಣ್ಣನ ಎದೆಯಲ್ಲಿರುವ ಸ್ಟೆಂಟ್ ಕೂಡ ಇದೇ ಲೆಕ್ಕದಲ್ಲಿ ಸೇರುತ್ತದೆ. ಎರಡೂ ಬೇಕು. ಆದರೆ ಉದ್ಘಾಟನೆ ಆಗುವುದು ಆಸ್ಪತ್ರೆಗೆ ಮಾತ್ರ. ಬ್ರೆಡ್ಡಿನಲ್ಲಿ ಕಮ್ಮಿಯಾದ ಉಪ್ಪಿಗೆ ಯಾರೂ ರಿಬ್ಬನ್ ಕತ್ತರಿಸುವುದಿಲ್ಲ. ಅದರಿಂದ ಬದುಕಿದವರಿಗೆ ತಾವು ಬದುಕಿದೆವು ಅಂತಲೂ ಗೊತ್ತಾಗುವುದಿಲ್ಲ. ಅದಕ್ಕೇ ಆ ಕಡತ ಮೇಜಿನ ತಳಕ್ಕೆ ಹೋಗುತ್ತದೆ ಅಂತ ನನಗನ್ನಿಸುತ್ತದೆ.

ಬ್ರಿಟನ್ನಿನ ಜೆಫ್ರಿ ರೋಸ್ ಅನ್ನುವ ಡಾಕ್ಟರು 1980ರ ದಶಕದಲ್ಲೇ ಇದರ ಗುಟ್ಟು ಬಿಡಿಸಿದ್ದರು. ತುಂಬಾ ಅಪಾಯ ಇರುವವರು ಸ್ವಲ್ಪವೇ ಜನ. ಸ್ವಲ್ಪವೇ ಅಪಾಯ ಇರುವವರು ಬಹಳ ಜನ. ಹಾಗಾಗಿ ಒಟ್ಟು ಹಾರ್ಟ್ ಅಟ್ಯಾಕ್‌ಗಳಲ್ಲಿ ದೊಡ್ಡ ಪಾಲು ಈ ಎರಡನೇ ಗುಂಪಿನಿಂದಲೇ ಬರುತ್ತದೆ. ಅವರು ಯಾರೂ ರೋಗಿಗಳ ಹಾಗೆ ಕಾಣುವುದಿಲ್ಲ. ನನ್ನ ಅಣ್ಣನೂ ಕಾಣುತ್ತಿರಲಿಲ್ಲ.

ಹಾಗಾಗಿ ನನ್ನ ಕೋರಿಕೆ ನೇರವಾಗಿದೆ. ಟ್ರಾನ್ಸ್ ಫ್ಯಾಟಿಗೆ 2 ಗ್ರಾಂ ಮಿತಿ ನಿಮ್ಮಲ್ಲಿ ಇಲ್ಲದಿದ್ದರೆ ಈ ವರ್ಷವೇ ತನ್ನಿ. ಇದ್ದರೆ ಅಂಗಡಿಯಿಂದ ಪೊಟ್ಟಣ ಕೊಂಡು ಪರೀಕ್ಷೆ ಮಾಡಿಸಿ, ಡೆನ್ಮಾರ್ಕಿನ ಸಂಶೋಧಕರು ಮಾಡಿದ ಹಾಗೆ. ತಯಾರಾದ ಆಹಾರದ ಉಪ್ಪಿಗೆ ಗುರಿ ಹಾಕಿ, ಆ ಗುರಿಯ ಹಿಂದೆ ಯಾರನ್ನಾದರೂ ಕಾವಲಿಗೆ ಇಡಿ. ಯಾವ ಬೆಳೆಗೆ, ಯಾವ ಎಣ್ಣೆಗೆ ಸಬ್ಸಿಡಿ ಕೊಡುತ್ತಿದ್ದೀರಿ ಅಂತ ಒಮ್ಮೆ ಹೃದಯದ ಡಾಕ್ಟರೊಬ್ಬರನ್ನು ಪಕ್ಕದಲ್ಲಿ ಕೂರಿಸಿಕೊಂಡು ನೋಡಿ. ಬದಲಿಸುವಾಗ ಅದನ್ನೇ ನಂಬಿ ಬದುಕುವವರಿಗೆ ಮೊದಲು ದಾರಿ ತೋರಿಸಿ. ಮತ್ತೆ, ಯಾವ ಕಾಯಿಲೆಗೇ ಬರಲಿ, ವಯಸ್ಕರು ಬಂದಾಗೆಲ್ಲ ಬಿಪಿ ನೋಡಿ ಚೀಟಿಯ ಮೇಲೆ ಬರೆಯುವುದು ಕಡ್ಡಾಯವಾಗಲಿ. ಮಾತ್ರೆ ಬಿಟ್ಟಿಯಾಗಿ, ತಪ್ಪದೆ ಸಿಗಲಿ.

ಅಣ್ಣ ಈಗ ಮನೆಯಲ್ಲೇ ಒಂದು ಮಷಿನ್ ಇಟ್ಟುಕೊಂಡಿದ್ದಾನೆ. ದಿನಾ ಬೆಳಿಗ್ಗೆ ಕಿಟಕಿ ಪಕ್ಕ ಕೂತು, ಐದು ನಿಮಿಷ ಸುಮ್ಮನಿದ್ದು, ಪಟ್ಟಿ ಸುತ್ತಿಕೊಂಡು ನೋಡಿ ಒಂದು ಪುಸ್ತಕದಲ್ಲಿ ಬರೆದಿಡುತ್ತಾನೆ. ಇವತ್ತು 126/80. ಆ ಪುಸ್ತಕದ ಮೊದಲ ಪುಟದ ತಾರೀಕು ಅವನು ಆಸ್ಪತ್ರೆಯಿಂದ ಬಂದ ಮರುದಿನದ್ದು.

ನಿಮ್ಮ ಆಸ್ಪತ್ರೆಗಳಿಗೆ ಕಳೆದ ವರ್ಷ ಬಂದವರಲ್ಲಿ ಎಷ್ಟು ಜನರ ಬಿಪಿ ನೋಡಿದ್ದೀರಿ, ಜಾಸ್ತಿ ಇದ್ದವರಲ್ಲಿ ಎಷ್ಟು ಜನರದ್ದು ಹತೋಟಿಗೆ ಬಂತು? ಈ ಎರಡು ಅಂಕಿ ನಿಮ್ಮ ಹತ್ತಿರ ಇದ್ದರೆ ಎಲ್ಲರಿಗೂ ಕಾಣುವ ಹಾಗೆ ಪ್ರಕಟಿಸಿ. ಇಲ್ಲದಿದ್ದರೆ ಎಣಿಸಲು ಯಾವಾಗ ಶುರು ಮಾಡುತ್ತೀರಿ ಅಂತ ತಿಳಿಸಿ. ನಿಮ್ಮ ಉತ್ತರಕ್ಕೆ ಕಾಯುತ್ತಿರುತ್ತೇನೆ.

ಇಂತಿ,
ಹಾರ್ಟ್ ಅಟ್ಯಾಕ್‌ನಿಂದ ಬದುಕಿ ಬಂದ ಒಬ್ಬರ ತಂಗಿ